ಪ್ರತಿ ತಿಂಗಳು ವ್ಯಾಕ್ಸ್ ಹಾಕಿದರೆ ಕಾರಿನ ಬಣ್ಣ ಉಳಿಯುತ್ತಾ? ಸಣ್ಣ ಗೀರುಗಳೂ ಹೋಗುತ್ತವಾ?

ಒಂದೇ ಡಬ್ಬಿಯಲ್ಲಿ ರಕ್ಷಣೆಯೂ ಆಗಬೇಕು, ಗೀರೂ ಹೋಗಬೇಕು, ಅಲ್ವಾ? ನಾನೂ ಹೀಗೇ ಲೆಕ್ಕ ಹಾಕಿದ್ದೆ. ಬಾನೆಟ್ ಹಾಳಾಯಿತು.

ನನ್ನದು ಕೆಂಪು ಕಾರು. ಹೊಸದರಲ್ಲಿ ಬಿಡುವು ಸಿಕ್ಕಾಗಲೆಲ್ಲ ಉಜ್ಜುತ್ತಾ ಕೂರುತ್ತಿದ್ದೆ. ಡಬ್ಬಿಯ ಮೇಲೆ ಪಾಲಿಶ್ ಎಂದಿತ್ತು. ಪಾಲಿಶ್ ಆದರೇನು, ವ್ಯಾಕ್ಸ್ ಆದರೇನು, ಎರಡೂ ಹೊಳಪು ಕೊಡುತ್ತವಲ್ಲ ಅಂದುಕೊಂಡೆ. ಉಜ್ಜಿದಾಗ ಸಣ್ಣ ಗೀರುಗಳು ನಿಜಕ್ಕೂ ಮಾಯವಾಗುತ್ತಿದ್ದವು. ಒಂದು ದಿನ ಬಾನೆಟ್ಟಿನ ಅಂಚಿನಲ್ಲಿ ಬಿಳಿ ಬಟ್ಟೆ ಕೆಂಪಗಾಯಿತು. ಕೊಳೆ ಇರಬೇಕು ಅಂತ ಇನ್ನೂ ಜೋರಾಗಿ ಉಜ್ಜಿದೆ!

ಅದು ಕೊಳೆಯಲ್ಲ, ಬಣ್ಣ. ಈಗಿನ ಕಾರುಗಳಲ್ಲಿ ತಳದ ಲೇಪವಾದ ಪ್ರೈಮರ್ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲನ್ನು ತಡೆಯುವುದು ಮುಖ್ಯವಾಗಿ ಅದೇ, ಅದರ ಮೇಲೆ ತೆಳ್ಳಗೆ ಕೂರುವ ವ್ಯಾಕ್ಸ್ ಅಲ್ಲ. ಪಾಲಿಶ್‌ನಲ್ಲಿ ಉಜ್ಜಿ ಸವೆಸುವ ನುಣ್ಣನೆಯ ಪುಡಿ ಇರುತ್ತದೆ. ರಬ್ಬಿಂಗ್ ಕಾಂಪೌಂಡ್‌ನಲ್ಲಿ ಇನ್ನೂ ಒರಟು. ಅವು ಗೀರನ್ನು ತುಂಬುವುದಿಲ್ಲ. ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಮಟ್ಟ ಮಾಡುತ್ತವೆ. ಗೀರು ಹೋಯಿತು ಅಂತ ನಾನು ಖುಷಿಪಟ್ಟಾಗಲೆಲ್ಲ ಆ ಪದರ ಅಷ್ಟಷ್ಟೇ ಕಡಿಮೆಯಾಗುತ್ತಿತ್ತು. ಅಂಚುಗಳಲ್ಲಿ ಪೇಂಟ್ ಮೊದಲೇ ತೆಳು, ಕೈಯ ಒತ್ತಡ ಬೀಳುವುದೂ ಅಲ್ಲೇ ಜಾಸ್ತಿ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಹತ್ತಿತು ಅಂದರೆ ಅಲ್ಲಿ ಆ ಪದರ ಮುಗಿದಿದೆ ಅಂತಲೇ ತಿಳಿಯಿರಿ.

ಪೇಂಟಿಂಗ್‌ನವರು ಬೆರಳಾಡಿಸಿ ನೋಡಿ, "ಸಾರ್, ಇದಕ್ಕೆ ಇನ್ನೇನು ಹಾಕಿದ್ರೂ ಪ್ರಯೋಜನ ಇಲ್ಲ, ಪೂರ್ತಿ ಬಾನೆಟ್ ಹೊಡೀಬೇಕು" ಅಂದರು. ಹೊಡೆಸಿದೆ. ಪಕ್ಕದ ಫೆಂಡರ್‌ನ ಕೆಂಪಿಗೂ ಬಾನೆಟ್ಟಿನ ಕೆಂಪಿಗೂ ಇವತ್ತಿಗೂ ಹೊಂದಿಕೆಯಾಗಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಎರಡನೇ ಭಾಗವನ್ನು ಬಿಟ್ಟೇಬಿಡಿ. ಉಗುರಿಗೆ ತಗಲದಂಥ ಗೀರು ಇದ್ದರೆ ಇರಲಿ, ಬಿಸಿಲಲ್ಲಿ ಓರೆಯಾಗಿ ನೋಡಿದರಷ್ಟೇ ಕಾಣುತ್ತದೆ. ವ್ಯಾಕ್ಸ್ ಹಾಕಿ, ಆದರೆ ಡಬ್ಬಿಯ ಹಿಂಭಾಗ ಓದಿ. ಕ್ಲೀನರ್ ವ್ಯಾಕ್ಸ್ ಎಂದಿದ್ದರೆ ಅದರಲ್ಲೂ ಸವೆಸುವ ಪುಡಿ ಇರಬಹುದು. ಯಾವ ವ್ಯಾಕ್ಸ್ ಅನ್ನುವುದಕ್ಕೆ ಜನ ಸುಮ್ನೆ ಜಗಳವಾಡುತ್ತಾರೆ. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕೆಲವೇ ವಾರಗಳಲ್ಲಿ ಸವೆಯುತ್ತದೆ, ವ್ಯಾಕ್ಸ್ ಬದಲಿಗೆ ಹಚ್ಚುವ ಕೃತಕ ಲೇಪವಾದ ಸಿಂಥೆಟಿಕ್ ಸೀಲೆಂಟ್ ಅದಕ್ಕಿಂತ ಜಾಸ್ತಿ ದಿನ ನಿಲ್ಲುತ್ತದೆ. ಯಾವುದಾದರೂ ಸರಿ. ತಿಂಗಳ ಲೆಕ್ಕ ಬೇಡ. ತೊಳೆದ ಕಾರಿನ ಮೇಲೆ ನೀರು ಮಣಿಮಣಿಯಾಗಿ ನಿಲ್ಲದೆ ಹರಡಿಕೊಂಡರೆ ಆಗ ಮತ್ತೆ ಹಾಕಿ. ನೆರಳಲ್ಲಿ, ಕಾರಿನ ಮೈ ತಣ್ಣಗಿರುವಾಗ, ತೆಳ್ಳಗೆ. ದಪ್ಪ ಬಳಿದರೆ ಒರೆಸುವ ಕೆಲಸ ಜಾಸ್ತಿ, ಅಷ್ಟೇ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ, ಬಿಳಿ ಕಲೆ ಕೂರುತ್ತದೆ.

ನನ್ನ ಕೇಳಿದರೆ, ವ್ಯಾಕ್ಸ್‌ಗಿಂತ ತೊಳೆಯುವ ರೀತಿಯೇ ಮುಖ್ಯ. ಧೂಳು ಕೂತಿರುವಾಗ ಒಣಬಟ್ಟೆಯಲ್ಲಿ ಒರೆಸುವುದರಿಂದಲೇ ಈ ಗೀರುಗಳಲ್ಲಿ ಬಹುಪಾಲು ಹುಟ್ಟುವುದು. ಮೊದಲು ನೀರು ಹೊಯ್ದು ಮಣ್ಣು ಇಳಿಸಿ. ಪಾತ್ರೆ ತೊಳೆಯುವ ಸೋಪು ಬೇಡ, ಹಾಕಿದ ವ್ಯಾಕ್ಸನ್ನೂ ಎತ್ತಿಬಿಡುತ್ತದೆ. ಹಕ್ಕಿ ಹಿಕ್ಕೆ ಕಂಡರೆ ಅವತ್ತೇ ನೆನೆಸಿ ತೆಗೆಯಿರಿ. ವ್ಯಾಕ್ಸ್ ಇದೆಯಲ್ಲ ಅಂತ ಬಿಟ್ಟರೆ ಬಿಸಿಲಿಗೆ ಅದರ ಆಮ್ಲ ಕ್ಲಿಯರ್ ಕೋಟನ್ನು ಕೊರೆಯುತ್ತದೆ.

ಅಂದಹಾಗೆ, ಕಾರು ಹೊಳಪಿಲ್ಲದ ಮ್ಯಾಟ್ ಫಿನಿಶ್‌ನದಾದರೆ ಇದ್ಯಾವ ವ್ಯಾಕ್ಸೂ ಬೇಡ. ಅಲ್ಲಲ್ಲಿ ಹೊಳೆಯುವ ಕಲೆಯಾಗುತ್ತದೆ.