ಡೆಕ್ ಜಾಲಾಡುವ ಕಾರ್ಡಿಗೆ ಎಷ್ಟು ಬೆಲೆ?

ಪ್ರಶ್ನೆ: ಗೆಳೆಯರೊಂದಿಗೆ ಡ್ರಾಫ್ಟ್ (ಪ್ಯಾಕ್ ತೆರೆದು ಒಂದೊಂದು ಕಾರ್ಡು ಆರಿಸಿ, ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತ ಡೆಕ್ ಕಟ್ಟುವ ಆಟ) ಆಡಲೆಂದು ನನ್ನದೇ ಒಂದು ಕಾರ್ಡ್ ಸೆಟ್ ರೂಪಿಸುತ್ತಿದ್ದೇನೆ. ನಿಯಮಗಳು ಹೆಚ್ಚುಕಡಿಮೆ ಮ್ಯಾಜಿಕ್: ದಿ ಗ್ಯಾದರಿಂಗ್ ಆಟದವೇ. ಎಂಟು ಮಂದಿ, ತಲಾ ಮೂರು ಪ್ಯಾಕ್, ಪ್ಯಾಕಿಗೆ 15 ಕಾರ್ಡು (10 ಕಾಮನ್, ಅವಕ್ಕಿಂತ ಅಪರೂಪದ 4 ಅನ್‌ಕಾಮನ್, ಅತಿ ಅಪರೂಪದ 1 ರೇರ್), ಕೊನೆಗೆ 40 ಕಾರ್ಡಿನ ಡೆಕ್. ಒಟ್ಟು 80 ಬಗೆಯ ಕಾಮನ್, 40 ಬಗೆಯ ಅನ್‌ಕಾಮನ್, 20 ಬಗೆಯ ರೇರ್ ಕಾರ್ಡುಗಳಿವೆ. ‘ಬೇಹುಗಾರನ ಓಲೆ’ ಎಂಬ ಕಾಮನ್ ಕಾರ್ಡಿನ ಬಗ್ಗೆ ಜಗಳ ಹತ್ತಿದೆ. ಅದರ ವೆಚ್ಚ 2 ಮನಾ (ಕಾರ್ಡು ಆಡಲು ತೆರುವ ಶಕ್ತಿ), ‘ನಿಮ್ಮ ಡೆಕ್‌ನಲ್ಲಿ ಒಂದು ಜೀವಿ ಕಾರ್ಡನ್ನು ಹುಡುಕಿ, ತೋರಿಸಿ, ಕೈಗೆ ತೆಗೆದುಕೊಳ್ಳಿ, ನಂತರ ಡೆಕ್ ಕಲಸಿ’ ಎಂದು ಬರೆದಿದೆ. ಒಬ್ಬ ಗೆಳೆಯ ಅದನ್ನು ಮೊದಲ ಆಯ್ಕೆಯಲ್ಲೇ ಎತ್ತಿಕೊಳ್ಳುತ್ತಾನೆ. ಇನ್ನೊಬ್ಬಳು ಕೊನೆಯವರೆಗೂ ಮುಟ್ಟುವುದಿಲ್ಲ. ಅನ್‌ಕಾಮನ್‌ಗೆ ಏರಿಸಿಬಿಡು ಎಂಬುದು ಮೂರನೆಯವನ ಸಲಹೆ. ಈ ಕಾರ್ಡು ಬಲಶಾಲಿಯೋ ದುರ್ಬಲವೋ, ತೀರ್ಮಾನಿಸುವುದು ಹೇಗೆ?

ಉತ್ತರ: ಆ ಇಬ್ಬರ ಡೆಕ್‌ಗಳನ್ನು ಪಕ್ಕಪಕ್ಕದಲ್ಲಿ ಹರಡಿ ನೋಡಿದ್ದೀರಾ? ಮೊದಲ ಆಯ್ಕೆಯಲ್ಲಿ ಎತ್ತಿಕೊಳ್ಳುವವನ ಡೆಕ್‌ನಲ್ಲಿ ಆಟವನ್ನೇ ಮುಗಿಸಬಲ್ಲ ಒಂದು ರೇರ್ ಜೀವಿ ಆಗಾಗ ಇರುತ್ತದೆ, ಮುಟ್ಟದವಳ ಡೆಕ್ ಸಣ್ಣ ಜೀವಿಗಳಿಂದ ಬೇಗ ದಾಳಿ ಮಾಡುವಂಥದ್ದು ಎಂಬುದು ನನ್ನ ಊಹೆ. ಹುಡುಕುವ ಕಾರ್ಡಿಗೆ ತನ್ನದೆಂಬ ಬಲ ಇಲ್ಲ. ಅದನ್ನು ತೂಗಬೇಕಾದರೆ ಅದು ತಲುಪಬಲ್ಲ ಕಾರ್ಡುಗಳ ಪಟ್ಟಿಯನ್ನು ತೂಗಬೇಕು. ‘ಬೇಹುಗಾರನ ಓಲೆ’ಯ ಪಠ್ಯವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಅಲ್ಲಿ ಸಿಗುವುದಿಲ್ಲ, ಅದು ನಿಮ್ಮ ಸೆಟ್‌ನ ಉಳಿದ ಜೀವಿಗಳಲ್ಲಿದೆ.

ಮೊದಲು ಅದರ ನಿಜವಾದ ಖರ್ಚನ್ನು ನೋಡೋಣ. ಕಾರ್ಡಿನ ಮೇಲೆ 2 ಎಂದಿದೆ. ಆದರೆ ಅದು ತಂದುಕೊಡುವ ಆರು ಮನಾದ ಜೀವಿಗೆ ನೀವು ಕೊಡುವುದು ಎಂಟು. ಎರಡನೆಯ ಸರದಿಯಲ್ಲಿ ಇದನ್ನು ಆಡಿದರೆ ಆ ಸರದಿಯಲ್ಲಿ ಮೇಜಿನ ಮೇಲೆ ಏನೂ ಬರುವುದಿಲ್ಲ. ಎದುರಾಳಿ ಎರಡು ಮನಾದ ಜೀವಿಯನ್ನು ಇಳಿಸಿ ಮುಂದಿನ ಸರದಿಯಿಂದಲೇ ಹೊಡೆಯತೊಡಗುತ್ತಾನೆ. ಡ್ರಾಫ್ಟ್ ಆಟಗಳು ಮೇಜಿನ ಮೇಲಿನ ಜೀವಿಗಳ ನಡುವೆಯೇ ನಡೆಯುವುದರಿಂದ ಹೀಗೆ ಕಳೆದ ಸರದಿ ದುಬಾರಿ. ಇದೇ ಕಾರ್ಡು ಎಂಟನೆಯ ಸರದಿಯಲ್ಲಿ ಕೈಗೆ ಬಂದರೆ ಲೆಕ್ಕವೇ ಬೇರೆ. ಆಗ ಮನಾ ಧಾರಾಳವಾಗಿರುತ್ತದೆ, ಕೈ ಬರಿದಾಗಿರುತ್ತದೆ. ಡೆಕ್‌ನ ಅತ್ಯುತ್ತಮ ಜೀವಿಯನ್ನು ಹುಡುಕಿ ಅದೇ ಸರದಿಯಲ್ಲಿ ಇಳಿಸಬಹುದು. ಹಾಗಾಗಿ ಆಟ ಸರಾಸರಿ ಎಷ್ಟನೆಯ ಸರದಿಗೆ ಮುಗಿಯುತ್ತದೆ ಎಂಬುದನ್ನು ಮೊದಲು ಗಮನಿಸಿ. ಆರಕ್ಕೇ ಮುಗಿಯುವ ಸೆಟ್‌ನಲ್ಲಿ ಈ ಕಾರ್ಡು ಬಡಪಾಯಿ. ಹತ್ತರವರೆಗೆ ಎಳೆಯುವ ಸೆಟ್‌ನಲ್ಲಿ ಇದರ ಕಥೆಯೇ ಬೇರೆ.

ಮ್ಯಾಜಿಕ್‌ನ ಇತಿಹಾಸ ಇಲ್ಲಿ ದಾರಿ ತಪ್ಪಿಸುವುದೂ ಉಂಟು. 1993ರ ಮೊದಲ ಸೆಟ್‌ನಲ್ಲೇ ಬಂದ ‘ಡೆಮಾನಿಕ್ ಟ್ಯೂಟರ್’ ಎರಡು ಮನಾಕ್ಕೆ ಯಾವ ಕಾರ್ಡನ್ನಾದರೂ ಕೈಗೆ ತರುತ್ತದೆ. ಹಳೆಯ ಕಾರ್ಡುಗಳನ್ನೂ ಆಡಬಹುದಾದ ಎರಡು ಮಾದರಿಗಳಲ್ಲಿ, ಲೆಗಸಿಯಲ್ಲಿ ಅದು ನಿಷಿದ್ಧ. ವಿಂಟೇಜ್‌ನಲ್ಲಿ ಡೆಕ್‌ಗೆ ಒಂದೇ ಪ್ರತಿ. ಅದನ್ನು ನೋಡಿ ಎರಡು ಮನಾದ ಹುಡುಕಾಟವೆಂದರೆ ಹೆದರಬೇಕು ಎಂದು ಬಹಳ ಮಂದಿ ನಂಬಿದ್ದಾರೆ. ಆದರೆ ಆ ಮಾದರಿಗಳಲ್ಲಿ ಹುಡುಕಿ ತರಲು ಇರುವುದು ಒಂದೇ ಏಟಿಗೆ ಆಟ ಮುಗಿಸುವ ಜೋಡಿ ಕಾರ್ಡುಗಳು. ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿದ 40 ಕಾರ್ಡಿನ ಡೆಕ್‌ನಲ್ಲಿ ಸಾಮಾನ್ಯವಾಗಿ 17 ಲ್ಯಾಂಡ್ (ಮನಾ ಕೊಡುವ ಕಾರ್ಡು), 15ರ ಆಸುಪಾಸು ಜೀವಿ, ಉಳಿದದ್ದು ಚಿಲ್ಲರೆ ಮಂತ್ರಗಳು. ಇಲ್ಲಿ ಹುಡುಕುವುದಕ್ಕೆ ಏನಿದೆ ಎಂಬುದೇ ಮೊದಲ ಪ್ರಶ್ನೆ.

ಅದಕ್ಕೊಂದು ಸರಳ ಪರೀಕ್ಷೆ ಇದೆ. ಪರೀಕ್ಷಾ ಡ್ರಾಫ್ಟ್‌ನ ಯಾವುದಾದರೂ ಡೆಕ್ ತೆಗೆದುಕೊಂಡು ಅದರ ಜೀವಿಗಳನ್ನು ಬಲದ ಕ್ರಮದಲ್ಲಿ ಸಾಲಾಗಿ ಜೋಡಿಸಿ. ಮೊದಲನೆಯದನ್ನೂ ಎಂಟನೆಯದನ್ನೂ ಹೋಲಿಸಿ. ಮೊದಲನೆಯದು ಎಂಟನೆಯದಕ್ಕಿಂತ ಸ್ವಲ್ಪ ಮಾತ್ರ ಮೇಲೆಂದರೆ, ಹುಡುಕಾಟಕ್ಕೆ ಕೊಟ್ಟ ಎರಡು ಮನಾ ಬಹುಪಾಲು ವ್ಯರ್ಥ. ಅದರ ಬದಲು ಇನ್ನೊಂದು ಸಾಧಾರಣ ಜೀವಿಯನ್ನೇ ಡೆಕ್‌ಗೆ ಸೇರಿಸಿಕೊಳ್ಳುವುದು ಲೇಸು. ಎರಡರ ನಡುವೆ ಪ್ರಪಾತವಿದ್ದರೆ ಹುಡುಕುವ ಪ್ರತಿ ಕಾರ್ಡೂ ಆ ಮೊದಲನೆಯದರ ಇನ್ನೊಂದು ಪ್ರತಿಯಾಗುತ್ತದೆ, ಎರಡು ಮನಾ ಹೆಚ್ಚಿಗೆ ತೆತ್ತು.

ಇನ್ನೊಂದು ಪ್ರತಿ ಎಂದರೆ ಎಷ್ಟು ವ್ಯತ್ಯಾಸ? ಎರಡನೆಯವರಾಗಿ ಆಡುವ ಆಟಗಾರ ಐದನೆಯ ಸರದಿಯ ಹೊತ್ತಿಗೆ 12 ಕಾರ್ಡು ನೋಡಿರುತ್ತಾನೆ. 40ರಲ್ಲಿ ಒಂದೇ ಪ್ರತಿ ಇರುವ ರೇರ್ ಜೀವಿ ಅಷ್ಟರೊಳಗೆ ಸಿಗುವ ಸಂಭವ ಶೇ 30. ಒಂದು ‘ಬೇಹುಗಾರನ ಓಲೆ’ ಸೇರಿದರೆ, ಆ ಜೀವಿಯೋ ಅದನ್ನು ತರುವ ಓಲೆಯೋ ಸಿಗುವ ಸಂಭವ ಶೇ 51ನ್ನು ದಾಟುತ್ತದೆ. ಎರಡು ಓಲೆಗಳಿದ್ದರೆ ಶೇ 67ರ ಹತ್ತಿರ. ಮೂರು ಆಟದಲ್ಲಿ ಹೆಚ್ಚುಕಡಿಮೆ ಒಮ್ಮೆಯಷ್ಟೇ ಕಾಣುತ್ತಿದ್ದ ಜೀವಿ ಈಗ ಮೂರರಲ್ಲಿ ಎರಡು ಆಟವನ್ನು ಆಳುತ್ತದೆ. ನನಗೆ ಇದರಲ್ಲಿ ಗೆಲುವು ಸೋಲಿಗಿಂತ ಹೆಚ್ಚು ಕಾಡುವುದು ಬೇಸರ. ಒಂದೇ ಡೆಕ್ ಪ್ರತಿ ಆಟದಲ್ಲೂ ಬೇರೆ ಮುಖ ತೋರಿಸಬೇಕೆಂದೇ ನಾವು ಡ್ರಾಫ್ಟ್ ಆಡುತ್ತೇವೆ. ಪ್ರತಿ ಸಲವೂ ಅದೇ ಡ್ರ್ಯಾಗನ್ ಇಳಿಯುವುದಾದರೆ ಎದುರು ಕೂತವನು ಆರನೆಯ ಸರದಿಗೆ ಮೊದಲೇ ಆಕಳಿಸುತ್ತಾನೆ.

ಈಗ ಅನ್‌ಕಾಮನ್‌ಗೆ ಏರಿಸುವ ಸಲಹೆ. ಸಾಮಾನ್ಯವಾಗಿ ಒಳ್ಳೆಯ ಸಲಹೆಯೇ, ಆದರೆ ನಿಮ್ಮ ಸೆಟ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಲೆಕ್ಕ ಹಾಕಿ ನೋಡಿ. 24 ಪ್ಯಾಕುಗಳಲ್ಲಿ 240 ಕಾಮನ್ ಕಾರ್ಡುಗಳು, ಬಗೆ 80, ಅಂದರೆ ಒಂದೊಂದು ಕಾಮನ್ ಸರಾಸರಿ ಮೂರು ಸಲ ಮೇಜಿಗೆ ಬರುತ್ತದೆ. ಅನ್‌ಕಾಮನ್ 96, ಬಗೆ 40, ಸರಾಸರಿ 2.4. ಮೂರರಿಂದ 2.4ಕ್ಕೆ ಇಳಿಸಿ ಏನು ಸಾಧಿಸಿದಂತಾಯಿತು? ಅನ್‌ಕಾಮನ್ ಬಗೆಗಳು ನಿಮ್ಮಲ್ಲಿ ಕಡಿಮೆ, ಪ್ಯಾಕಿನಲ್ಲಿ ಅವುಗಳ ಜಾಗ ಹೆಚ್ಚು. ಹಾಗಾಗಿ ‘ಅನ್‌ಕಾಮನ್’ ಎಂಬುದು ನಿಮ್ಮಲ್ಲಿ ಬರೀ ಹೆಸರು. ರೇರ್‌ಗೆ ಏರಿಸಿದರೆ ಸರಾಸರಿ 1.2 ಆಗುತ್ತದೆ, ನಿಜ. ಆದರೆ ಪ್ಯಾಕ್ ತೆರೆದವನು ರೇರ್ ಜಾಗದಲ್ಲಿ ಜೀವಿಯನ್ನು ಹುಡುಕಿಕೋ ಎಂಬ ಚೀಟಿ ಕಂಡು ಖುಷಿಪಡುತ್ತಾನೆಯೇ? ನಾನಂತೂ ಪಡುವುದಿಲ್ಲ.

ಇನ್ನು ಉಳಿದಿರುವುದು ಕಾರ್ಡನ್ನೇ ಬದಲಿಸುವುದು. ವೆಚ್ಚವನ್ನು 4ಕ್ಕೆ ಏರಿಸುವ ದಾರಿಯನ್ನು 2001ರಲ್ಲಿ ‘ಡಯಾಬಾಲಿಕ್ ಟ್ಯೂಟರ್’ ಹಿಡಿಯಿತು. ಅದರಿಂದ ಕಾರ್ಡು ನಿರಪಾಯವಾಗುತ್ತದೆ. ಆದರೆ ದೊಡ್ಡ ರೇರ್ ಇಲ್ಲದವನಿಗೆ ಅದು ಇನ್ನಷ್ಟು ನಿರುಪಯುಕ್ತವಾಗುತ್ತದೆ, ಇದ್ದವನು ಆಗಲೂ ತಡವಾಗಿಯಾದರೂ ಅದನ್ನೇ ತರುತ್ತಾನೆ. ಪ್ರಪಾತ ಹಾಗೆಯೇ ಉಳಿಯಿತು. ಹುಡುಕಿದ್ದನ್ನು ಕೈಗೆ ಕೊಡದೆ ಡೆಕ್‌ನ ಮೇಲೆ ಇರಿಸುವ ಉಪಾಯವೂ ಹಳೆಯದೇ. ಅದರಿಂದ ಒಂದು ಕಾರ್ಡು ನಷ್ಟವಾಗುವುದರಿಂದ ಡ್ರಾಫ್ಟ್‌ನಲ್ಲಿ ಯಾರೂ ಇಷ್ಟಪಡರು.

ನಾನು ಮೆಚ್ಚುವುದು ಹುಡುಕಾಟದ ವ್ಯಾಪ್ತಿಯನ್ನು ಕಿರಿದಾಗಿಸುವ ದಾರಿ. 2004ರ ‘ಟ್ರಿಂಕೆಟ್ ಮೇಜ್’ ಮೂರು ಮನಾದ 2/2 (ದಾಳಿಯ ಬಲ 2, ತಾಳುವ ಬಲ 2) ಜೀವಿ. ಮೇಜಿಗೆ ಬಂದಾಗ ವೆಚ್ಚ 1 ಅಥವಾ ಅದಕ್ಕಿಂತ ಕಡಿಮೆಯ ಆರ್ಟಿಫ್ಯಾಕ್ಟ್ (ಉಪಕರಣದ ಬಗೆಯ ಕಾರ್ಡು) ಒಂದನ್ನು ಹುಡುಕಬಹುದು. ಸರದಿ ವ್ಯರ್ಥವಾಗಲಿಲ್ಲ, ಮೇಜಿನ ಮೇಲೆ ದೇಹವೊಂದು ನಿಂತಿತು. ಅದು ತರಬಲ್ಲದ್ದು ಸಣ್ಣ ಸರಕು ಮಾತ್ರ. ಡ್ರಾಫ್ಟ್‌ನಲ್ಲಿ ಬೇರೆಯವರು ಬಿಟ್ಟುಕೊಡುವ ಒಂದು ಮನಾದ ಕಾರ್ಡಿಗೆ ಇದ್ದಕ್ಕಿದ್ದಂತೆ ಒಬ್ಬ ಗಿರಾಕಿ ಹುಟ್ಟಿಕೊಂಡ. 2010ರ ‘ಸ್ಕ್ವಾಡ್ರನ್ ಹಾಕ್’ ಇನ್ನೂ ಮುಂದೆ ಹೋಗಿ ತನ್ನದೇ ಹೆಸರಿನ ಮೂರು ಕಾರ್ಡುಗಳವರೆಗೆ ಹುಡುಕುತ್ತದೆ. ಒಂದೇ ಸಿಕ್ಕವನಿಗೆ ಅದು ಹಾರುವ ಸಣ್ಣ ಹಕ್ಕಿ, ಮೂರು ಸಿಕ್ಕವನಿಗೆ ಕೈ ತುಂಬಾ ಹಕ್ಕಿ. ಪಕ್ಕದವನು ಎಷ್ಟು ಎತ್ತಿಕೊಂಡಿದ್ದಾನೆ ಎಂಬ ಊಹೆಯ ಆಟವೇ ಡ್ರಾಫ್ಟ್‌ನೊಳಗೆ ಶುರುವಾಗುತ್ತದೆ. 2005ರ ರಾವ್ನಿಕಾ ಸೆಟ್‌ನ ‘ಟ್ರಾನ್ಸ್‌ಮ್ಯೂಟ್’ ಎಂಬ ಗುಣ ಇನ್ನೊಂದು ಬಗೆ: ಮೂರು ಮನಾ ಕೊಟ್ಟು ಕೈಯಲ್ಲಿರುವ ಕಾರ್ಡನ್ನು ಬಿಸಾಡಿದರೆ ಅಷ್ಟೇ ವೆಚ್ಚದ ಬೇರೊಂದು ಕಾರ್ಡನ್ನು ಹುಡುಕಬಹುದು. ಇಲ್ಲಿ ಹುಡುಕಾಟದ ಕಾರ್ಡು ಸುಮ್ಮನೆ ಆಡಲೂ ಬರುತ್ತದೆ, ಹುಡುಕಲೂ ಬರುತ್ತದೆ.

ಹಾಗಾದರೆ ಈ ಕಾರ್ಡು ಯಾರ ಬೆಲೆಯನ್ನು ಏರಿಸಬೇಕು ಎಂಬುದನ್ನು ನೀವೇ ಮೊದಲು ನಿರ್ಧರಿಸಬೇಕಾಗುತ್ತದೆ. ಈಗಿನ ರೂಪದಲ್ಲಿ ಅದು ಏರಿಸುವುದು ಈಗಾಗಲೇ ಎಲ್ಲರೂ ಕಿತ್ತಾಡುವ ರೇರ್ ಜೀವಿಗಳನ್ನು. ನನ್ನ ಕೈಗೆ ಕೊಟ್ಟರೆ ಹೀಗೆ ತಿದ್ದುತ್ತೇನೆ: ವೆಚ್ಚ 3, ದೇಹ 1/3, ಮೇಜಿಗೆ ಬಂದಾಗ ವೆಚ್ಚ 2 ಅಥವಾ ಅದಕ್ಕಿಂತ ಕಡಿಮೆಯ ಜೀವಿ ಕಾರ್ಡೊಂದನ್ನು ಹುಡುಕಿ, ತೋರಿಸಿ, ಕೈಗೆ. ಕಾಮನ್ ಆಗಿಯೇ ಇರಲಿ. ಅದರ ಜತೆಗೆ ಎರಡು ಮನಾದ ಜೀವಿಗಳಲ್ಲಿ ನಾಲ್ಕೈದನ್ನು ಬಿಡಿ ಕೆಲಸದವರನ್ನಾಗಿ ಮಾಡಿ. ಒಂದು ಸತ್ತು ಆರ್ಟಿಫ್ಯಾಕ್ಟನ್ನು ಒಡೆಯಲಿ, ಇನ್ನೊಂದು ಹಾರುವವರನ್ನು ತಡೆಯಲಿ, ಮತ್ತೊಂದು ಆಟದ ಕೊನೆಯಲ್ಲಿ ಹೆಚ್ಚು ಮನಾ ಕೊಟ್ಟರೆ ದೊಡ್ಡದಾಗಲಿ. ಆಗ ಹುಡುಕುವವನು ಪ್ರತಿ ಸಲವೂ ಎದುರಿನ ಮೇಜನ್ನು ನೋಡಿ ಬೇರೆ ಬೇರೆ ಕಾರ್ಡು ಆರಿಸುತ್ತಾನೆ. ಡೆಕ್ ಹಿಡಿದು ಒಂದು ಕ್ಷಣ ಯೋಚಿಸುವಂತಾದರೆ ಕಾರ್ಡು ಗೆದ್ದಂತೆ.

ಪರೀಕ್ಷಿಸುವಾಗ ಗೆಲುವಿನ ಲೆಕ್ಕಕ್ಕೆ ಜೋತುಬೀಳಬೇಡಿ. ಗೆಳೆಯರ ಗುಂಪಿನ ಕೆಲವೇ ಆಟಗಳಿಂದ ಒಂದು ಕಾರ್ಡಿನ ಗೆಲುವಿನ ಪ್ರಮಾಣ ಹೊರಡುವುದಿಲ್ಲ. ಅದರ ಬದಲು ಓಲೆ ಆಡಿದಾಗಲೆಲ್ಲ ಚೀಟಿಯಲ್ಲಿ ಬರೆದುಕೊಳ್ಳಿ: ಎಷ್ಟನೆಯ ಸರದಿ, ಏನನ್ನು ತಂದರು, ಕೈಯಲ್ಲಿ ಬೇರೆ ಏನು ಆಡಬಹುದಿತ್ತು. ಒಂದು ಡೆಕ್‌ನಲ್ಲಿ ಯಾವಾಗಲೂ ಅದೇ ಹೆಸರು ಬರುತ್ತಿದ್ದರೆ ಹುಡುಕುವ ಕಾರ್ಡಿಗಿಂತ ಮೊದಲು ಆ ಹೆಸರಿನ ಕಾರ್ಡನ್ನು ತಿದ್ದುವ ಯೋಚನೆ ಮಾಡಿ. ಡೆಕ್ ಕಟ್ಟಿ ಮುಗಿದ ಮೇಲೂ ಓಲೆ ಹೊರಗೇ ಉಳಿಯುತ್ತಿದ್ದರೆ, ಯಾವ ಕಾರ್ಡು ಅದರ ಜಾಗವನ್ನು ಕಸಿದುಕೊಂಡಿತು ಎಂದು ಕೇಳಿ. ಓಲೆಯನ್ನು ಮುಟ್ಟದ ಗೆಳತಿಯ ಮಾತಿಗೆ ಹೆಚ್ಚು ಕಿವಿಗೊಡಿ ಎಂದೇ ನಾನು ಹೇಳುವುದು. ಕಾಮನ್ ಕಾರ್ಡು ಸಾಧಾರಣ ಡೆಕ್‌ಗೆ ಬೇಕಾಗಬೇಕು.

ಪ್ರಶ್ನೆ: ಹುಡುಕಿದ ಕಾರ್ಡನ್ನು ಎದುರಾಳಿಗೆ ತೋರಿಸಲೇಬೇಕೇ? ಡೆಕ್‌ನಲ್ಲಿ ಅಂಥ ಕಾರ್ಡು ಇಲ್ಲವೆಂದರೆ ಏನು ಮಾಡಬೇಕು?

ಉತ್ತರ: ‘ಯಾವ ಕಾರ್ಡನ್ನಾದರೂ’ ಎಂದಿದ್ದರೆ ತೋರಿಸಬೇಕಿಲ್ಲ. ‘ಜೀವಿ’, ‘ವೆಚ್ಚ 2’ ಎಂಬ ಷರತ್ತು ಹಾಕಿದ ಮೇಲೆ ತೋರಿಸಲೇಬೇಕು. ಷರತ್ತು ಪಾಲಿಸಿದ್ದಾನೋ ಇಲ್ಲವೋ ಎಂದು ಎದುರಾಳಿಗೆ ತಿಳಿಯಲು ಬೇರೆ ದಾರಿಯಿಲ್ಲ. ಎರಡನೆಯ ತೊಡಕಿಗೆ ಮ್ಯಾಜಿಕ್ ಜಾಣ ಪರಿಹಾರ ಕಂಡುಕೊಂಡಿದೆ. ಷರತ್ತಿರುವ ಹುಡುಕಾಟದಲ್ಲಿ, ಕಾರ್ಡು ಡೆಕ್‌ನಲ್ಲಿ ಇದ್ದರೂ ಸಿಗಲಿಲ್ಲ ಎನ್ನಬಹುದು. ಇಲ್ಲ ಎಂದು ಸಾಬೀತುಪಡಿಸಲು ಇಡೀ ಡೆಕ್ಕನ್ನು ಎದುರಾಳಿಗೆ ತೆರೆದು ತೋರಿಸುವ ಗೋಜು ಇದರಿಂದ ತಪ್ಪುತ್ತದೆ. ಷರತ್ತೇ ಇಲ್ಲದಿದ್ದರೆ ಏನಾದರೊಂದು ತೆಗೆದುಕೊಳ್ಳಲೇಬೇಕು. ನಿಮ್ಮ ನಿಯಮ ಪುಸ್ತಕಕ್ಕೂ ಇದನ್ನೇ ಸೇರಿಸಿ.

ಪ್ರಶ್ನೆ: ಲ್ಯಾಂಡ್ ಹುಡುಕುವ ಕಾರ್ಡುಗಳಿಗೂ ಇದೇ ಎಚ್ಚರಿಕೆ ಬೇಕೇ?

ಉತ್ತರ: ಬೇಡ. ಮೂಲ ಲ್ಯಾಂಡ್‌ಗಳಲ್ಲಿ ಮೊದಲನೆಯದು, ಎಂಟನೆಯದು ಎಂಬ ಭೇದವಿಲ್ಲ; ಪ್ರಪಾತವೇ ಇಲ್ಲದ ಕಡೆ ಬೀಳುವ ಭಯವೂ ಇಲ್ಲ. 2010ರಲ್ಲಿ ಮೊದಲು ಬಂದ ‘ಇವಾಲ್ವಿಂಗ್ ವೈಲ್ಡ್ಸ್’ ತನ್ನನ್ನು ತಾನೇ ಬಲಿಕೊಟ್ಟು ಒಂದು ಮೂಲ ಲ್ಯಾಂಡನ್ನು ದಣಿದ ಸ್ಥಿತಿಯಲ್ಲಿ (ಆಗಲೇ ಬಳಸಲಾಗದಂತೆ) ಮೇಜಿಗೆ ತರುತ್ತದೆ, ಅದೂ ಕಾಮನ್. ಬೇಕಾದ ಬಣ್ಣ ಸಿಗದೆ ಕೈಕಟ್ಟಿ ಕೂರುವ ಆಟಗಳು ಅದರಿಂದ ಕಡಿಮೆಯಾಗುತ್ತವೆ. ಕಾಮನ್‌ನಲ್ಲೇ ಇಡಿ. ಪ್ರತಿ ಹುಡುಕಾಟದ ಬೆನ್ನಿಗೂ ಡೆಕ್ ಕಲಸಬೇಕೆಂಬುದನ್ನು ಮಾತ್ರ ನೆನಪಿಡಿ. ಇಂಥ ಕಾರ್ಡುಗಳ ಬಗೆ ಹೆಚ್ಚಾದರೆ ಆಟದ ಅರ್ಧ ಹೊತ್ತು ಕಲಸುವುದರಲ್ಲೇ ಹೋಗುತ್ತದೆ. 140 ಬಗೆಯ ಸೆಟ್‌ಗೆ ಎರಡು ಮೂರು ಸಾಕು.