ಚಪಾತಿ ತಿಂದು ಎರಡು ದಿನವಾದ ಮೇಲೆ ಹೊಟ್ಟೆ ಕೆಟ್ಟರೆ ಅದಕ್ಕೆ ಗ್ಲುಟೆನ್ ಕಾರಣವಿರಬಹುದೇ?

ಇರಬಹುದು. ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಒಂದು ಪ್ರೋಟೀನು; ಅದರಿಂದ ಬರುವ ಸೀಲಿಯಾಕ್ ಎಂಬ ಕಾಯಿಲೆಯ ಮಾತಿದು. ನಿಮ್ಮ ತಂಗಿಗೆ ಚಪಾತಿ ತಿಂದ ಅರ್ಧ ಗಂಟೆಯಲ್ಲೇ ಹೊಟ್ಟೆಯುಬ್ಬರ, ನಿಮಗೆ ಎರಡು ದಿನ ಬಿಟ್ಟು ಭೇದಿ ಮತ್ತು ಸುಸ್ತು. ಹಾಗಾಗಿ ಆ ಕಾಯಿಲೆ ಅವಳಿಗೇ ಇರಬೇಕು, ಖಾತ್ರಿಗೆ ಒಂದು ತಿಂಗಳು ಗೋಧಿ ಬಿಟ್ಟು ನೋಡುತ್ತೇನೆ ಎಂದಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ.

ನಾನು ಬಾಗಲಕೋಟೆ ಕಡೆಯವನು. ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ; ಚಪಾತಿ ಅಪರೂಪ. ಕೆಲಸಕ್ಕೆಂದು ದೆಹಲಿಗೆ ಹೋದ ಮೇಲೆ ಬೆಳಿಗ್ಗೆ ಪರಾಠಾ, ಮಧ್ಯಾಹ್ನ ಮತ್ತು ರಾತ್ರಿ ಫುಲ್ಕಾ. ಕೆಲವು ತಿಂಗಳಲ್ಲಿ ಬಾಯಿಹುಣ್ಣು ಮಾಯುವುದನ್ನೇ ಮರೆಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆ ಕೆಡುವುದಕ್ಕೆ ಇಂಥ ಹೊತ್ತೆಂದು ಇರಲಿಲ್ಲ. ಹೋಟೆಲಿನ ಎಣ್ಣೆ, ನೀರು, ಹಾಲು ಎಲ್ಲವನ್ನೂ ದೂರಿದೆ. ದಿನವೂ ತಿನ್ನುವ ಗೋಧಿಯ ಮೇಲೆ ಅನುಮಾನ ಬರಲಿಲ್ಲ.

ಕೋಣೆಯಲ್ಲಿ ಜೊತೆಗಿದ್ದವನಿಗೆ ಗೋಧಿಯ ಅಲರ್ಜಿಯಿತ್ತು. ಬಿಸ್ಕತ್ತು ಕಚ್ಚಿದ ಕೆಲವೇ ನಿಮಿಷಗಳಲ್ಲಿ ಅವನ ತುಟಿ ಊದಿ, ಕುತ್ತಿಗೆಯ ಮೇಲೆ ದದ್ದು ಏಳುತ್ತಿದ್ದವು. ಗೋಧಿ ಒಗ್ಗದಿರುವುದೆಂದರೆ ಹಾಗೆಯೇ ಎಂದುಕೊಂಡಿದ್ದೆ. ಅವನದು ಐಜಿಇ ಎಂಬ ಪ್ರತಿಕಾಯಗಳಿಂದ (ದೇಹ ತನ್ನ ರಕ್ಷಣೆಗೆ ತಯಾರಿಸುವ ಪ್ರೋಟೀನುಗಳಿಂದ) ತಕ್ಷಣ ಆಗುವ ಅಲರ್ಜಿ. ನನ್ನದು ಸೀಲಿಯಾಕ್: ಗ್ಲುಟೆನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ಸಣ್ಣ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಇದರಲ್ಲಿ ಒಂದೆರಡು ಗಂಟೆಯಲ್ಲೇ ವಾಂತಿಯಾಗುವವರಿದ್ದಾರೆ, ದಿನಗಳ ನಂತರ ನರಳುವವರಿದ್ದಾರೆ, ಏನೂ ಗೊತ್ತಾಗದವರೂ ಇದ್ದಾರೆ.

ಕೊನೆಗೆ ಯಾರೋ ಹೇಳಿದರೆಂದು ಗೋಧಿ ಬಿಟ್ಟೆ. ವಾರಗಳಲ್ಲಿ ಮೈ ಹಗುರವಾಯಿತು. ಅದೇ ಉತ್ಸಾಹದಲ್ಲಿ, ತಿಂಗಳುಗಟ್ಟಲೆ ಅನ್ನ ಮತ್ತು ರೊಟ್ಟಿ ತಿಂದ ಮೇಲೆ, ಸೀಲಿಯಾಕ್ ಪತ್ತೆಗೆಂದು ಮಾಡುವ ಟಿಟಿಜಿ-ಐಜಿಎ ರಕ್ತ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ಏನೂ ಇಲ್ಲ ಎಂದು ಬಂತು. ನನ್ನನ್ನು ಕೆಡಿಸಿದ್ದು ಈ ಕ್ರಮ ತಪ್ಪಿದ್ದು. ಗ್ಲುಟೆನ್ ತಿನ್ನುತ್ತಿರುವಾಗ ದೇಹ ತಯಾರಿಸುವ ಪ್ರತಿಕಾಯಗಳನ್ನು ಆ ಪರೀಕ್ಷೆ ಅಳೆಯುತ್ತದೆ. ತಿನ್ನುವುದನ್ನು ನಿಲ್ಲಿಸಿದರೆ ಅವು ಕ್ರಮೇಣ ಇಳಿಯುತ್ತವೆ, ಕರುಳೂ ಚೇತರಿಸಿಕೊಳ್ಳತೊಡಗುತ್ತದೆ. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಕಾಯಿಲೆ ಕಾಣದೆ ಹೋಗಬಹುದು. ನಾನು ಗುಣವಾಗುತ್ತಿದ್ದುದರಿಂದಲೇ ವರದಿ ಚೆನ್ನಾಗಿತ್ತು. ನಾನದನ್ನು ಕಾಯಿಲೆಯೇ ಇಲ್ಲವೆಂದು ಓದಿಕೊಂಡು ಮತ್ತೆ ಫುಲ್ಕಾಕ್ಕೆ ಮರಳಿದೆ. ವರ್ಷಗಟ್ಟಲೆ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ, ಏಕೆಂದರೆ ಕಬ್ಬಿಣವನ್ನು ಹೀರಿಕೊಳ್ಳಬೇಕಾದ ಸಣ್ಣ ಕರುಳಿನ ಮೇಲ್ಭಾಗವೇ ಹಾಳಾಗಿತ್ತು. ಅಷ್ಟರಲ್ಲಿ ಮತ್ತೊಮ್ಮೆ ಗೋಧಿ ಬಿಟ್ಟಿದ್ದೆ. ಆಗ ಸಿಕ್ಕ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ರಕ್ತ ಕೊಟ್ಟಾಗ ಗೋಧಿ ತಿನ್ನುತ್ತಿದ್ದಿರಾ?" ಪರೀಕ್ಷೆಗಾಗಿ ವಾರಗಟ್ಟಲೆ ಪುನಃ ಚಪಾತಿ ತಿನ್ನಬೇಕಾಯಿತು. ಆ ವಾರಗಳನ್ನು ಶತ್ರುವಿಗೂ ಬಯಸಲಾರೆ.

ಆ ಪರೀಕ್ಷೆಯಲ್ಲಿ ಸೀಲಿಯಾಕ್ ಖಚಿತವಾದ ಮೇಲೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡರು. ಇದು ರಕ್ತಸಂಬಂಧಿಗಳಲ್ಲಿ ಹೆಚ್ಚು. ಅಕ್ಕನಿಗೆ ಒಂದು ದಿನವೂ ಹೊಟ್ಟೆ ನೋವಿರಲಿಲ್ಲ. ಹೋಳಿಗೆ ತಿಂದು ಅರಗಿಸಿಕೊಳ್ಳುತ್ತಿದ್ದಳು. ಪ್ರತಿಕಾಯ ಅವಳಲ್ಲೂ ಹೆಚ್ಚಿತ್ತು, ಬಯಾಪ್ಸಿಯಲ್ಲಿ ಅವಳ ಕರುಳು ನನ್ನದಕ್ಕಿಂತ ಹಾಳಾಗಿತ್ತು. ಹಾಗಾಗಿ ಯಾರಿಗೆ ಬೇಗ, ಯಾರಿಗೆ ಜೋರು ಎಂದು ನೀವಿಬ್ಬರೂ ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ತಂಗಿಯ ಉಬ್ಬರಕ್ಕೆ ಗ್ಲುಟೆನ್ ಕಾರಣವಲ್ಲದಿರಲೂಬಹುದು; ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಜಾತಿಯ ಅಂಶವೂ ವಾಯು ತುಂಬಿಸುತ್ತದೆ, ಅದು ಈರುಳ್ಳಿಯಲ್ಲೂ ಇದೆ.

ಇಬ್ಬರೂ ಈಗ ತಿನ್ನುತ್ತಿರುವಂತೆಯೇ ತಿನ್ನುತ್ತಾ ಜಠರ-ಕರುಳಿನ ತಜ್ಞರನ್ನು ಕಾಣಿ. ತುಟಿ ಊದುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಈ ಮಾತು ಅನ್ವಯಿಸದು. ಅಂಥವರು ಗೋಧಿ ಮುಟ್ಟದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಟಿಟಿಜಿ ಜೊತೆಗೆ ರಕ್ತದಲ್ಲಿರುವ ಐಜಿಎ ಎಂಬ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ಪರೀಕ್ಷಿಸಲು ಕೇಳಿ. ಅದು ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಟಿಟಿಜಿ-ಐಜಿಎ ಕಾಯಿಲೆ ಇದ್ದರೂ ಇಲ್ಲವೆಂದು ಸುಳ್ಳು ಹೇಳಬಹುದು.

ಸೀಲಿಯಾಕ್ ಎಂದು ಖಚಿತವಾದರೆ ಚಪಾತಿಯೊಂದನ್ನು ಬಿಟ್ಟರೆ ಸಾಲದು. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟೋ ಮೈದಾವೋ ಇರುತ್ತದೆ. ಗಿರಣಿಯಲ್ಲಿ ಗೋಧಿಯ ಬೆನ್ನಿಗೇ ಜೋಳ ಬೀಸಿಸಬೇಡಿ. ನಮ್ಮ ಅವ್ವ ಈಗ ಜೋಳಕ್ಕೆಂದೇ ಮನೆಯಲ್ಲಿ ಸಣ್ಣ ಗಿರಣಿ ಇಟ್ಟುಕೊಂಡಿದ್ದಾಳೆ.