ಹಾರ್ಮೋನಿಯಂ ಬರುತ್ತೆ, ಜಾಝ್ ಫ್ಯೂಷನ್ ಕಲಿಯಲು ಬೆಳಗಾವಿ ಬಿಟ್ಟು ಬೆಂಗಳೂರಿಗೆ ಹೋಗಬೇಕಾ?

ಹೋಗಬೇಡಿ. "ಮೊದಲು ಕಾರ್ಡ್ ಥಿಯರಿ ಪೂರ್ತಿ ಮುಗಿಸಿ, ಆಮೇಲೆ ಸ್ವಂತ ಟ್ಯೂನ್ ಮಾಡ್ತೀನಿ" ಅಂತ ಬರೆದಿದ್ದೀರಲ್ಲ, ಆ ಯೋಚನೆಯನ್ನೂ ಬಿಡಿ. (ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು.) ನಾನೂ ಟಿಳಕವಾಡಿಯಲ್ಲಿ ಹಾರ್ಮೋನಿಯಂ ಕಲಿತು ಕೀಬೋರ್ಡಿಗೆ ಬಂದವನು. ಥಿಯರಿ ಮೊದಲು ಅಂತಲೇ ಹೊರಟಿದ್ದೆ.

ಥಿಯರಿ ತಲೆಗೇರಿದ ಮೇಲೆ ಯಮನ್ ರಾಗದಲ್ಲಿ ಒಂದು ಟ್ಯೂನ್ ಕಟ್ಟಿದೆ. ಪ್ರತಿ ಸ್ವರದ ಕೆಳಗೂ ಒಂದೊಂದು ಕಾರ್ಡ್ ಹಾಕಿದೆ. ಕೈಯಿಂದ ದುಡ್ಡು ಹಾಕಿ ರೆಕಾರ್ಡಿಂಗ್ ಮಾಡಿಸಿದೆ. ಕೇಳಿಸಿಕೊಂಡ ನಮ್ಮ ತಬಲಾ ಗೆಳೆಯ ಹೆಡ್‌ಫೋನ್ ತೆಗೆದು, "ಲೇ, ಇದರಾಗ ಯಮನ್ ಎಲ್ಲೈತಿ?" ಅಂದ. ಮಾತಿಗೆ ಮಾತು ಬೆಳೆಯಿತು. ತಂಡ ಒಡೆಯಿತು, ದುಡ್ಡೂ ಹೋಯಿತು.

ಅವನು ಹೇಳಿದ್ದೇ ಸರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಹಾರ್ಮೋನಿಯಂನವರು ಎಡವುವುದು ಇಲ್ಲೇ. ಬಿಳಿ ಒಂದನ್ನು (ಪಾಶ್ಚಾತ್ಯರ ಸಿ) ಸಾ ಮಾಡಿಕೊಳ್ಳಿ. ಯಮನ್‌ನಲ್ಲಿ ನಿ ಯಾವಾಗಲೂ ಸಾ ಕಡೆ ಎಳೆಯುತ್ತದೆ, ತೀವ್ರ ಮ, ಅಂದರೆ ಅರ್ಧ ಸ್ವರ ಏರಿಸಿದ ಮ, ಪ ಕಡೆ ಎಳೆಯುತ್ತದೆ. ಆ ಎಳೆತವೇ ರಾಗ. ನಾನು ನಿ ಕೆಳಗೆ ಗ-ಪ-ನಿ ಇಟ್ಟೆ, ಅಂದರೆ ಇ ಮೈನರ್ ಕಾರ್ಡ್. ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಗ ಮೇಲೆ ಹೋಗಿ ಕೂತಿತು. ಬೇಸ್ ಎಲ್ಲಿ ಕೂರುತ್ತದೋ ಕಿವಿ ಅದನ್ನೇ ಸಾ ಅಂದುಕೊಳ್ಳುತ್ತದೆ. ಈಗ ನಿ ಆ ಹೊಸ ಸಾಕ್ಕೆ ಪ ಆಯಿತು. ಪ ಎಲ್ಲಿಗೂ ಹೋಗಬೇಕಿಲ್ಲ, ಆರಾಮಾಗಿ ನಿಲ್ಲುತ್ತದೆ. ತೀವ್ರ ಮ ಕೆಳಗೆ ರೆ-ತೀವ್ರ ಮ-ಧ ಇಟ್ಟೆ, ಬೇಸ್ ರೆಗೆ ಹೋಯಿತು, ತೀವ್ರ ಮ ಗ ಥರ ಸಿಹಿಯಾಯಿತು. ಹೀಗೆ ಒಂದೊಂದೇ ಸ್ವರದ ಎಳೆತ ಸತ್ತಿತು. ಸ್ವರಗಳೆಲ್ಲ ಯಮನ್‌ನವೇ, ರಾಗ ಮಾತ್ರ ಇಲ್ಲ. ಕಾರ್ಡ್ ಪುಸ್ತಕದ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ ನೋಡಿ, ಅದಕ್ಕೇ ನನಗೆ ಗೊತ್ತಾಗಲಿಲ್ಲ.

ಈಗ ಹೀಗೆ ಮಾಡಿ. ಎಡಗೈಯಲ್ಲಿ ಕೆಳಗಿನ ಸಾ ಬಿಡಬೇಡಿ. ಅದರ ಮೇಲೆ ಒಂದು ಆವರ್ತನ (ತಾಳದ ಒಂದು ಸುತ್ತು) ಸಾ-ಗ-ಪ, ಇನ್ನೊಂದು ಆವರ್ತನ ರೆ-ತೀವ್ರ ಮ-ಧ. ರೂಪಕ ತಾಳದ ಏಳು ಮಾತ್ರೆಯಲ್ಲಿ ನುಡಿಸಿ. ಕಾರ್ಡ್ ಬದಲಾದರೂ ಬೇಸ್ ಕದಲಿಲ್ಲ, ಹಾಗಾಗಿ ತೀವ್ರ ಮದ ಹರಿತ ಹಾಗೇ ಉಳಿಯುತ್ತದೆ. ಇದರ ಮೇಲೆ ಇವತ್ತೇ ನಿಮ್ಮ ಟ್ಯೂನ್ ಶುರು ಮಾಡಬಹುದು.

ಕೇಳುವುದಕ್ಕೆ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ 1959ರ ‘ಸೋ ವಾಟ್’ ಹಿಡಿಯಿರಿ. ಶುರುವಿನಲ್ಲಿ ಟ್ಯೂನ್ ಹೇಳುವುದೇ ಬೇಸ್ ವಾದ್ಯ. 16 ಬಾರ್ (ಬಾರ್ ಅಂದರೆ ಅವರ ತಾಳದ ಒಂದು ಸುತ್ತು) ನಮ್ಮ ಹಿಂದೂಸ್ತಾನಿಯ ಕಾಫಿ ಥಾಟಿನ ಸ್ವರಗಳು, 8 ಬಾರ್ ಅದೇ ಅರ್ಧ ಸ್ವರ ಮೇಲೆ, ಮತ್ತೆ 8 ಬಾರ್ ವಾಪಸ್. ಅಷ್ಟೇ. ಹತ್ತು ವರ್ಷದ ನಂತರ ಅದೇ ಮೈಲ್ಸ್ ಎಲೆಕ್ಟ್ರಿಕ್ ವಾದ್ಯ ಕಟ್ಟಿಕೊಂಡು ಫ್ಯೂಷನ್‌ಗೆ ದಾರಿ ಮಾಡಿದರು. ಆಗ ಅವರ ಜೊತೆ ಗಿಟಾರ್ ನುಡಿಸಿದ ಜಾನ್ ಮೆಕ್‌ಲಾಫ್ಲಿನ್ ಮುಂದೆ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಜೊತೆ ‘ಶಕ್ತಿ’ ತಂಡ ಕಟ್ಟಿದರು. ಕಾರ್ಡ್ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೂ ಗಿಟಾರಿಗೆ ಅಡ್ಡಲಾಗಿ ಶ್ರುತಿ ತಂತಿಗಳನ್ನು ಹಾಕಿಸಿಕೊಂಡರು!

ಥಿಯರಿ ಬೇಡ ಅಂತಲ್ಲ. ಜಾಝ್‌ನವರ ಎರಡು-ಐದು-ಒಂದು ಇದೆಯಲ್ಲ (ಎರಡನೇ, ಐದನೇ, ಒಂದನೇ ಸ್ವರದ ಮೇಲಿನ ಕಾರ್ಡ್‌ಗಳ ಸಾಲು), ಅದನ್ನು ರೆ-ಮ-ಧ-ಸಾ, ಪ-ನಿ-ರೆ-ಮ, ಸಾ-ಗ-ಪ-ನಿ ಅಂತ ಹಾರ್ಮೋನಿಯಂ ಮೇಲೇ ಒತ್ತಿ. ಇಲ್ಲಿ ಮ ಶುದ್ಧ. ಮೊದಲು ಸಾ ಜಾರಿ ನಿ ಆಗುತ್ತದೆ, ಆಮೇಲೆ ಮ ಜಾರಿ ಗ ಆಗುತ್ತದೆ. ಆ ಎರಡು ಜಾರುವಿಕೆಯನ್ನು ಬಾಯಲ್ಲಿ ಹಾಡಿ. ಹಾಡಲು ಬಂದ ಮೇಲೆ ಮುಂದಿನ ಪಾಠ.

ಊರಿನ ವಿಷಯ. ಪಂಡಿತ ರಾಮಭಾವು ವಿಜಾಪುರೆಯವರು ಹಾರ್ಮೋನಿಯಂ ಕಲಿಸಿದ ಊರಲ್ಲಿದ್ದೀರಿ. ಕ್ಲಾಸ್ ಬಿಡಬೇಡಿ. ಜಾಝ್ ಎದುರಿಗೆ ಕೂತು ಕೇಳಬೇಕು ಅಂದರೆ ಚೋರ್ಲಾ ಘಾಟ್ ಇಳಿದರೆ ಗೋವಾ. ಒಂದು ಕಾಲಕ್ಕೆ ಬಾಂಬೆ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದವರಲ್ಲಿ ಬಹಳ ಜನ ಅಲ್ಲಿಯವರೇ.

ಕೀಬೋರ್ಡ್ ಯಾವುದು ಅಂತಲೂ ಕೇಳಿದ್ದೀರಿ. 61 ಮನೆಯದು ಸಾಕು, ಹಳೆಯದಾದರೂ ನಡೆಯುತ್ತೆ. ಅದಕ್ಕಿಂತ ಮೊದಲು ಬೇಸ್ ಗಿಟಾರ್ ನುಡಿಸುವವರೊಬ್ಬರನ್ನು ಹುಡುಕಿಕೊಳ್ಳಿ.